ಎಲಿಯೋನ ಎರಡನೆಯ ಮೂವತ್ತು

ನೂರ ಒಂದನೆಯ ಸಾಲು ಮುಗಿದ ಮೇಲೆ ಓರ್ನೆಲ್ಲಾ ಕೀಬೋರ್ಡಿನಿಂದ ಕೈ ತೆಗೆದು ಕನ್ನಡಕ ಒರೆಸಿದಳು. ಒರೆಸುವಂಥದ್ದೇನೂ ಆಗಿರಲಿಲ್ಲ. ಮುಂದಿನ ಸಾಲಿನಲ್ಲಿ ಯಾರಿದ್ದಾರೆ ಎಂದು ಅವಳಿಗೆ ಹಾಳೆ ಮಗುಚುವ ಮೊದಲೇ ತಿಳಿದುಹೋಗಿತ್ತು. ಸತ್ತವರ ಹೆಸರುಗಳ ಆ ಪುಸ್ತಕ ಬರೆದ ಕಾನ್ವೆಂಟಿನ ಸಿಸ್ಟರ್ ಎಡ್ವಿಜೆ ಪೆನ್ನನ್ನು ಒತ್ತಿ ಬರೆಯುವವರು. ಹೆಸರು ಹಾಳೆಯ ಹಿಂಬದಿಯಲ್ಲಿ ಉಬ್ಬಿ, ತಿರುಗುಮುರುಗಾಗಿ ಕಾಣುತ್ತಿತ್ತು.

‘ಎಲಿಯೋ ಪಾಂಪಿಲಿ. ಟ್ರಾಮ್ ಓಡಿಸುತ್ತಿದ್ದವರು. ಮೂವತ್ತು ಪೂಜೆ. ಹೆಂಡತಿ ಕೊಟ್ಟದ್ದು, ಮುನ್ನೂರು.’

ಆ ಹೆಂಡತಿ ಅವಳೇ.

ಎದುರು ಮೇಜಿನ ಪ್ರಿಮೋ ಕಾಫಿಯ ಕಾಗದದ ಲೋಟವನ್ನು ಅವಳತ್ತ ತಳ್ಳಿದ. ಮೊದಲು ರೋಮಿನ ಪೊಲೀಸಿನಲ್ಲಿದ್ದು, ಈಗ ಹತ್ತು ವರ್ಷದಿಂದ ಪೋಪರ ಗೋಡೆಯೊಳಗಿನ ಈ ಕಚೇರಿಯಲ್ಲಿ ಹಣದ ಜಾಡು ಹಿಡಿಯುತ್ತಿದ್ದವನು. “ಏನಮ್ಮಾ, ನಿದ್ದೆ ಬಂತಾ? ನಿನ್ನ ಕಡೆಯೋರು ಪುಣ್ಯವಂತರು, ಸತ್ತು ಒಂದೇ ಕಡೆ ಮಲಗಿದ್ದಾರೆ. ನನ್ನೋರು ನೋಡು, ಬುಧವಾರ ಒಂದು ದೇಶ, ಗುರುವಾರ ಇನ್ನೊಂದು ದೇಶ.”

ಓರ್ನೆಲ್ಲಾ ನಕ್ಕಳು. ನಗು ಸರಿಯಾಗಿಯೇ ಬಂತು. ನೂರ ಎರಡು ಎಂದು ಒತ್ತಿ, ಎಲಿಯೋ ಎಂದು ಒತ್ತಿದಳು.

ಕಂಪ್ಯೂಟರ್ ಈ ಖಾತೆಯನ್ನು ಕೆಂಪಗೆ ತೋರಿಸಿದ್ದು ಸೆಪ್ಟೆಂಬರಿನಲ್ಲಿ. ಹೊಸ್ತಿಲ ಮಾತೆಯ ಕಾನ್ವೆಂಟಿನ ಖಾತೆ. ಹತ್ತು ಹತ್ತು ಯೂರೋಗಳಾಗಿ ಬರುವುದು, ತಿಂಗಳ ಕೊನೆಗೆ ಒಟ್ಟಾಗಿ ಸ್ವಿಸ್ ಗಡಿಯಾಚೆಯ ಲುಗಾನೋದ ಒಂದು ಬ್ಯಾಂಕಿಗೆ ಹೋಗುವುದು. ಕಂಪ್ಯೂಟರಿಗೆ ಅದು ಕಳ್ಳರ ನಡಿಗೆ. ಗೋಡೆಯೊಳಗೆ ಯಾರನ್ನು ಕೇಳಿದರೂ ಹೇಳುತ್ತಿದ್ದರು, ಅದು ಸತ್ತವರ ದುಡ್ಡು ಎಂದು. ಅಪ್ಪನಿಗೆ, ಅತ್ತೆಗೆ, ಬಸುರಿನಲ್ಲೇ ಹೋದ ಕೂಸಿಗೆ ಒಂದೊಂದು ಬಲಿಪೂಜೆ ಇಡಿಸಲು ಜನ ಕೊಡುವ ದುಡ್ಡು. ರೋಮಿನ ಇಗರ್ಜಿಗಳಲ್ಲಿ ಹೆಸರು ಹೆಚ್ಚು, ಪಾದ್ರಿಗಳು ಕಡಿಮೆ. ಹೆಚ್ಚಾದ ಹೆಸರುಗಳನ್ನು ಸಿಸ್ಟರ್ ಎಡ್ವಿಜೆ ಊರೆಲ್ಲ ತಿರುಗಿ ಸಂಗ್ರಹಿಸಿ, ಬೊಲಿವಿಯಾದ ಬೆಟ್ಟದ ಮೇಲಿದ್ದ ಫಾದರ್ ಒಟ್ಟಾವಿಯೋ ಅವರಿಗೆ ಕಳಿಸುತ್ತಿದ್ದರು. ಅವರು ಅಲ್ಲಿ ಪೂಜೆ ಮಾಡುವರು, ಆ ದುಡ್ಡಿನಲ್ಲಿ ಅವರ ಶಾಲೆಯ ಮಕ್ಕಳು ಉಣ್ಣುವರು. ಲುಗಾನೋದಲ್ಲಿದ್ದದ್ದು ಫಾದರ್‌ನ ಅಣ್ಣ ಗ್ವಾಲ್ತಿಯೇರೋ. ಹಣವನ್ನೂ ಹೆಸರುಗಳನ್ನೂ ಮುಂದಕ್ಕೆ ದಾಟಿಸುವುದು ಅವನ ಹೊಣೆ.

ಆ ದಿನ ಬೆಳಿಗ್ಗೆ ಬೊಲಿವಿಯಾದ ಬಿಷಪ್ಪರ ಮನೆಯಿಂದ ಉತ್ತರ ಬಂದಿತ್ತು. ಫಾದರ್ ಒಟ್ಟಾವಿಯೋ ಹೋದ ವರ್ಷ ಫೆಬ್ರುವರಿಯಲ್ಲೇ ತೀರಿಕೊಂಡಿದ್ದರು. ಸಿಸ್ಟರ್ ಎಡ್ವಿಜೆಯ ಈ ಪುಸ್ತಕ ಶುರುವಾದದ್ದು ಅದರ ಮರುವಾರ. ಅಂದರೆ ಇದರಲ್ಲಿದ್ದ ಸಾವಿರದ ನೂರ ನಲವತ್ತು ಹೆಸರುಗಳಲ್ಲಿ ಒಂದಕ್ಕೂ ಪೂಜೆ ಆಗಿರಲಿಲ್ಲ. ಹಣ ಲುಗಾನೋದಲ್ಲೇ ನಿಂತಿತ್ತು.

“ಸತ್ತ ಪಾದ್ರಿ, ಸತ್ತೋರಿಗೆ ಪೂಜೆ ಮಾಡಲಿಲ್ಲ ಅಂತ ಕೇಸು,” ಎಂದಿದ್ದ ಪ್ರಿಮೋ, ಪತ್ರವನ್ನು ಮಡಿಸುತ್ತ. “ಸಾಕ್ಷಿ ಹೇಳೋಕೆ ಯಾರನ್ನಪ್ಪಾ ಕರೆಸೋದು?”

ಓರ್ನೆಲ್ಲಾ ಮಾಡಬೇಕಾಗಿದ್ದದ್ದು ಇಷ್ಟೇ: ಎದ್ದು ನಿರ್ದೇಶಕರ ಕೋಣೆಗೆ ಹೋಗಿ, ಈ ಪಟ್ಟಿಯಲ್ಲಿ ನನ್ನ ಗಂಡನಿದ್ದಾನೆ, ಈ ಸಿಸ್ಟರ್ ನನಗೆ ಮೊದಲ ಪರಮಪ್ರಸಾದಕ್ಕೆ ಪಾಠ ಹೇಳಿಕೊಟ್ಟವರು, ಕಡತವನ್ನು ಬೇರೆಯವರಿಗೆ ಕೊಡಿ ಎನ್ನುವುದು. ಕೊಟ್ಟುಬಿಟ್ಟರೆ ಮುಂದೇನಾಯಿತೆಂದು ಅವಳಿಗೆ ಎಂದೂ ತಿಳಿಯುತ್ತಿರಲಿಲ್ಲ. ಅವಳು ಏಳಲಿಲ್ಲ. ನೂರ ಮೂರು ಎಂದು ಒತ್ತಿದಳು.

ವಾರ ವಾರ ಹೋಗುತ್ತಿದ್ದವಳು ಭಾನುವಾರ ಕಾನ್ವೆಂಟಿಗೆ ಹೋಗದಿದ್ದರೆ ಏಕೆ ಬರಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಹೋದರೆ ಬಾಯಿ ಕಟ್ಟಿಕೊಂಡು ಕೂರಬೇಕಿತ್ತು. ತನಿಖೆಯಲ್ಲಿರುವವರಿಗೆ ಒಂದು ಅಕ್ಷರ ಸುಳಿವು ಕೊಟ್ಟರೂ ಕೆಲಸ ಹೋಗುತ್ತದೆಂದು ಸೇರಿದ ದಿನವೇ ಅವಳಿಂದ ಸಹಿ ಹಾಕಿಸಿಕೊಂಡಿದ್ದರು. ಕೆಲಸ ಹೋದರೆ ಗೋಡೆಯವರು ಅಗ್ಗದ ಬಾಡಿಗೆಗೆ ಕೊಟ್ಟ ಮನೆ ಹೋಗುತ್ತದೆ. ಮಗಳು ಜಿನೆವ್ರಾಳ ಮೂರ್ಛೆಯ ಮಾತ್ರೆಗಳನ್ನು ಪುಕ್ಕಟೆ ಕೊಡುವ ಚೀಟಿ ಹೋಗುತ್ತದೆ. ಹೋದಳು.

ಸಿಸ್ಟರ್ ಎಡ್ವಿಜೆ ವೈನಿನಲ್ಲಿ ಅದ್ದಿ ತಿನ್ನುವ ಗಟ್ಟಿ ಬಳೆ ಬಿಸ್ಕತ್ತುಗಳ ತಟ್ಟೆಯನ್ನು ಮುಂದಿಟ್ಟು, ಎದುರಿಗೆ ಕುಕ್ಕರಿಸಿದರು. ಬರುವ ಮಾರ್ಚಿಗೆ ಅವರಿಗೆ ಎಂಬತ್ತು.

“ನಿಮ್ಮೋರು ಬಂದಿದ್ರು ಕಣೆ! ಮೂರು ಜನ. ಅವರ ಬೂಟು ಹೇಗೆ ಹೊಳೀತಿತ್ತು ಅಂದ್ರೆ, ನಮ್ಮ ಕ್ಲೆಲಿಯಾ ಯಾರೋ ಬಿಷಪ್ಪರೇ ಬಂದ್ರು ಅಂತ ಉಂಗುರಕ್ಕೆ ಮುತ್ತಿಡೋಕೆ ಹೋಗ್ಬಿಟ್ಲು. ಪಾಪ, ಆ ಮನುಷ್ಯ ಹೆದರಿ ಕೈ ಜೇಬಿಗೆ ಹಾಕ್ಕೊಂಡ.”

“ಪುಸ್ತಕ ತಗೊಂಡು ಹೋದ್ರಾ?” ಎಂದಳು ಓರ್ನೆಲ್ಲಾ, ತನ್ನ ಮೇಜಿನ ಮೇಲಿದ್ದ ಪುಸ್ತಕದ ಬಗ್ಗೆ.

“ಹೂಂ. ರಸೀದಿ ಕೊಟ್ಟಿದ್ದಾರೆ, ಮೂರು ಸೀಲು ಹೊಡೆದು. ನಾನು ಸಿಸ್ಟರ್ ಆದಾಗ ಕೊಟ್ಟ ಕಾಗದಕ್ಕೂ ಒಂದೇ ಸೀಲು ಇದ್ದಿದ್ದು. ದುಡ್ಡು ತಡೆದಿದ್ದಾರಂತೆ. ತಡೀಲಿ ಬಿಡು. ಒಟ್ಟಾವಿಯೋ ಒಳ್ಳೇ ಮನುಷ್ಯ, ಸಾಲಕ್ಕೆ ಪೂಜೆ ಮಾಡ್ತಾರೆ. ಹೆಸರು ಮಾತ್ರ ನಾನು ಕಳಿಸ್ತಾನೇ ಇದ್ದೀನಿ. ನೋಡಿಲ್ಲಿ, ಮೊನ್ನೆ ಬಂದಿದ್ದು.”

ಕಾರ್ಡಿನ ಮೇಲೆ ಹಿಮದ ಬೆಟ್ಟ, ಅದರ ಮುಂದೆ ಉದ್ದ ಕತ್ತಿನ ಒಂದು ಲಾಮಾ. ಹಿಂದೆ ಟೈಪು ಮಾಡಿದ ಒಂದೇ ಸಾಲು: ‘ಎಲ್ಲರದೂ ಆಯಿತು. ಒಬ್ಬರೂ ಉಳಿದಿಲ್ಲ.’ ಲಕೋಟೆಯ ಮೇಲಿದ್ದದ್ದು ಲುಗಾನೋದ ಅಂಚೆಚೀಟಿ.

“ಅಲ್ಲಿಯ ಅಂಚೆ ನಂಬೋ ಹಾಗಿಲ್ಲ ಅಂತ ಅಣ್ಣನ ಕೈಲಿ ಕಳಿಸ್ತಾರೆ,” ಎಂದರು ಸಿಸ್ಟರ್, ಕೇಳದಿದ್ದರೂ.

ಅಷ್ಟರಲ್ಲಿ ಬೀದಿಯ ಕಡೆಯ ಕಿಟಕಿಯನ್ನು ಯಾರೋ ತಟ್ಟಿದರು. ಹಸಿರು ಕೋಟಿನ ಒಬ್ಬ ಹೆಂಗಸು. ಚಿಲ್ಲರೆ ಚೀಲದಿಂದ ಎರಡೆರಡು ಯೂರೋ ಎಣಿಸಿ ಹತ್ತು ಮಾಡಿ ಇಟ್ಟಳು. ಅಮ್ಮನಿಗೆ ಎಂದಳು. ಆಮೇಲೆ, “ಹೋದ ವರ್ಷ ಕೊಟ್ಟಿದ್ನಲ್ಲ ಸಿಸ್ಟರ್, ನನ್ನ ತಮ್ಮಂದು? ಅದು ಆಯ್ತು ತಾನೆ? ಕನಸಲ್ಲಿ ಬರ್ತಾನೇ ಇದ್ದಾನೆ, ಅದಕ್ಕೆ ಕೇಳ್ದೆ.”

“ಆಗಿದೆ ತಾಯಿ. ಕಾರ್ಡೇ ಬಂದಿದೆ. ನೆಮ್ಮದಿಯಾಗಿ ಮಲ್ಕೋ ಹೋಗು.”

ಹೊಸ ಪುಸ್ತಕದಲ್ಲಿ ಸಿಸ್ಟರ್ ಅವಳ ಅಮ್ಮನ ಹೆಸರನ್ನು ಒತ್ತಿ ಬರೆದರು. ಇಪ್ಪತ್ತನೆಯದು. ಓರ್ನೆಲ್ಲಾಳ ಬಾಯಲ್ಲಿ ಬಿಸ್ಕತ್ತು ಕಲ್ಲಾಗಿ ನಿಂತಿತು. ಹೇಳಿಬಿಡಬೇಕು ಎನಿಸಿತು, ನಾಲಿಗೆಯ ತುದಿಗೂ ಬಂತು. ಜಿನೆವ್ರಾ ಹೋದ ತಿಂಗಳು ಅಡುಗೆಮನೆಯಲ್ಲಿ ಬಿದ್ದು ಹಣೆ ಒಡೆದುಕೊಂಡದ್ದು ಕಣ್ಣ ಮುಂದೆ ಬಂತು. ಬಿಸ್ಕತ್ತನ್ನು ವೈನಿನ ಜೊತೆ ನುಂಗಿದಳು.

ಆದರೆ ಎಲಿಯೋ ಬಿಡಲಿಲ್ಲ. ಮೂವತ್ತು ಪೂಜೆ ಮುಗಿದರೆ ಸತ್ತವನ ಜೀವ ಕಾಯುವ ಕಡೆಯಿಂದ ಸ್ವರ್ಗದೊಳಗೆ ಸೇರುತ್ತದೆ ಎಂಬುದು ನಂಬಿಕೆ. ಹದಿನೆಂಟು ತಿಂಗಳಿಂದ ಅವನೊಂದು ದಡ ಮುಟ್ಟಿದ್ದಾನೆಂದು ನಂಬಿ ಅವಳು ಅವನ ಬಟ್ಟೆಗಳನ್ನು ಕೊಟ್ಟಿದ್ದಳು, ಹಾಸಿಗೆಯ ನಡುವೆ ಮಲಗುವುದನ್ನು ರೂಢಿ ಮಾಡಿಕೊಂಡಿದ್ದಳು. ಈಗ ಅವನು ಅಲ್ಲೇ ಎಲ್ಲೋ ನಿಂತಿದ್ದ, ಡಿಪೋದಲ್ಲಿ ಪಾಳಿ ಮುಗಿದರೂ ಬದಲಿ ಬಾರದೆ ಟ್ರಾಮಿನ ಬಾಗಿಲಲ್ಲಿ ಕಾಯುತ್ತ ನಿಲ್ಲುತ್ತಿದ್ದ ಹಾಗೆ.

ಆ ಶುಕ್ರವಾರ ಕೆಲಸ ಮುಗಿಸಿ ಅವಳು ಎಲಿಯೋ ಹುಟ್ಟಿ ಬೆಳೆದ ಗಾರ್ಬಾತೆಲ್ಲಾಕ್ಕೆ ಹೋದಳು. ಅವನ ಕಡೆಯವರು ಯಾರೂ ಅಲ್ಲಿ ಉಳಿದಿರಲಿಲ್ಲ, ಊರಿನ ಆ ತುದಿಯಲ್ಲಿ ಅವಳನ್ನು ಬಲ್ಲವರೂ ಇರಲಿಲ್ಲ. ಅಲ್ಲಿಯ ಇಗರ್ಜಿಯ ಮುದಿ ಪಾದ್ರಿ ಫಾದರ್ ಎರ್ಮೆತೆ ಅಂಗಳದಲ್ಲಿ ತೊಟ್ಟಿಗಳಿಗೆ ನೀರು ಹಾಕುತ್ತಿದ್ದರು. ಮಗಳ ಚಳಿಗಾಲದ ಬೂಟಿಗೂ ಹಲ್ಲಿನ ವೈದ್ಯರಿಗೂ ಎಂದು ಎತ್ತಿಟ್ಟಿದ್ದ ಮುನ್ನೂರು ಅವಳ ಚೀಲದಲ್ಲಿತ್ತು.

“ಮೂವತ್ತಾ? ಎಡೆಬಿಡದೆ ಮೂವತ್ತು ದಿನ ಅಂದ್ರೆ ಈ ಕಾಲದಲ್ಲಿ ಕೇಳೋರೇ ಇಲ್ಲಮ್ಮ,” ಎಂದರು ಅವರು. “ಸೋಮವಾರ ಶುರು ಮಾಡ್ತೀನಿ. ಒಂದು ದಿನ ತಪ್ಪಿದ್ರೂ ಮೊದಲಿಂದ ಮಾಡ್ಬೇಕು, ಅದಕ್ಕೆ ಈ ಮುದುಕನಿಗೆ ನೆಗಡಿ ಆಗ್ದಿರ್ಲಿ ಅಂತ ಬೇಡ್ಕೋ. ಎಲ್ಲಿ ಕೆಲಸ ನಿಂದು?”

“ಪೋಪರ ಕಚೇರೀಲಿ,” ಎಂದಳು ಓರ್ನೆಲ್ಲಾ, ಯೋಚಿಸದೆ.

ಅವತ್ತು ಅವಳು ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದಳು.

ಬುಧವಾರ ಸಂಜೆ ಬಾಗಿಲು ತೆರೆದದ್ದು ಜಿನೆವ್ರಾ. ಸಿಸ್ಟರ್ ಎಡ್ವಿಜೆ ನಾಲ್ಕು ಮಹಡಿ ಹತ್ತಿ, ಗೋಡೆಗೆ ಕೈ ಕೊಟ್ಟು ನಿಂತಿದ್ದರು. ಅಡುಗೆಮನೆಯ ಕುರ್ಚಿಯಲ್ಲಿ ಕೂತು, ನೀರು ಕುಡಿದು, “ಮಗೂ, ನೀನು ಹೋಗಿ ಓದ್ಕೋ,” ಎಂದು ಹುಡುಗಿಯನ್ನು ಕಳಿಸಿ, ಚೀಲದಿಂದ ನಾಲ್ಕಾಗಿ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು. ಓರ್ನೆಲ್ಲಾ ಸೊಪ್ಪು ಹೆಚ್ಚುತ್ತಿದ್ದಳು.

ಗಾರ್ಬಾತೆಲ್ಲಾದ ಇಗರ್ಜಿಯ ವಾರದ ಹಾಳೆ ಅದು. ಯಾವ ದಿನ, ಎಷ್ಟು ಗಂಟೆಗೆ, ಯಾರ ಹೆಸರಿಗೆ ಪೂಜೆ ಎಂದು ಪ್ರತಿ ಇಗರ್ಜಿಯೂ ಬಾಗಿಲಿಗೆ ಅಂಟಿಸುವಂಥದ್ದು. ಸೋಮವಾರ ಏಳಕ್ಕೆ ಎಲಿಯೋ ಪಾಂಪಿಲಿ, ಮೂವತ್ತರಲ್ಲಿ ಒಂದು. ಮಂಗಳವಾರ ಏಳಕ್ಕೆ ಎಲಿಯೋ ಪಾಂಪಿಲಿ, ಮೂವತ್ತರಲ್ಲಿ ಎರಡು.

ಓರ್ನೆಲ್ಲಾ ಹಾಳೆಯನ್ನು ಎರಡು ಸಲ ಓದಿದಳು. ಊರಿನ ಇಗರ್ಜಿಗಳ ಬಾಗಿಲ ಹಾಳೆಗಳನ್ನು ಓದಿಕೊಂಡು ತಿರುಗುವುದೇ ಈ ಮುದುಕಿಯ ಕಸುಬು ಎಂಬುದು, ಸಾವಿರದ ನೂರ ನಲವತ್ತು ಸಾಲು ಕೂತು ಟೈಪಿಸಿದ ಅವಳಿಗೆ ಹೊಳೆದೇ ಇರಲಿಲ್ಲ.

“ಫಾದರ್ ಎರ್ಮೆತೆ ಹತ್ರ ಒಂಬತ್ತು ಹೆಸರು ಹೆಚ್ಚಿಗೆ ಇತ್ತು, ಇಸ್ಕೊಳ್ಳೋಕೆ ಹೋಗಿದ್ದೆ,” ಎಂದರು ಸಿಸ್ಟರ್. “ಇನ್ಯಾರೋ ಎಲಿಯೋ ಇರ್ಬೇಕು ಅಂದ್ಕೊಂಡೆ. ಕೇಳಿದ್ರೆ, ಹೆಂಡತಿ ಬಂದಿದ್ಲು, ಪೋಪರ ಕಚೇರೀಲಿ ಕೆಲಸವಂತೆ ಅಂದ್ರು.”

ಓರ್ನೆಲ್ಲಾ ಚಾಕು ಕೆಳಗಿಡಲಿಲ್ಲ.

“ಮೂವತ್ತು ಒಂದ್ಸಲ ಆದ್ಮೇಲೆ ಎರಡನೇ ಸಲ ಯಾರೂ ಮಾಡ್ಸಲ್ಲ ಮಗಾ. ಐವತ್ತು ವರ್ಷದಲ್ಲಿ ನಾನು ಕಂಡಿಲ್ಲ. ಮೊದಲ್ನೇದು ಆಗಿಲ್ಲ ಅಂತ ಗೊತ್ತಿದ್ದೋರು ಮಾತ್ರ ಮಾಡ್ಸ್ತಾರೆ.” ಹಾಳೆಯ ಮಡಿಕೆಯನ್ನು ಅಂಗೈಯಿಂದ ಸವರಿದರು. “ಮಾತಾಡ್ಬೇಡ. ನಿನ್ನ ಅನ್ನ ಅದು, ನಂಗೊತ್ತು. ನಾನು ಕೇಳ್ತೀನಿ, ನೀನು ಸುಮ್ನೆ ಸೊಪ್ಪು ಹೆಚ್ಚು. ಒಟ್ಟಾವಿಯೋಗೆ ಹುಷಾರಿಲ್ವಾ?”

ಸೊಪ್ಪು ಹೆಚ್ಚುವ ಸದ್ದು.

“ಅವ್ರು... ಇಲ್ವೇ ಇಲ್ವಾ?”

ಚಾಕು ನಿಂತಿತು. ಸಿಸ್ಟರ್ ಹಣೆಯಿಂದ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡರು. ಅಳಲಿಲ್ಲ. ಬೆರಳು ಮಡಿಸಿ ಎಣಿಸತೊಡಗಿದರು.

“ಎಲಿಯೋ ಹೋಗಿದ್ದು ಹೋದ ವರ್ಷ ಏಪ್ರಿಲ್ಲು. ಅವನದೇ ಆಗಿಲ್ಲ ಅಂದ್ರೆ ಅದಕ್ಕೂ ಮೊದಲೇ. ಅಂದ್ರೆ ಆ ಪುಸ್ತಕ ಪೂರ್ತಿ.” ಮಡಿಸಿದ ಬೆರಳುಗಳನ್ನು ಬಿಚ್ಚಿ, ಮತ್ತೆ ಮಡಿಸತೊಡಗಿದರು. “ಆ ಬೇಕರಿ ಹುಡುಗಿ. ಅವಳಿ ಮಕ್ಕಳು. ಸೇತುವೆಯಿಂದ ಹಾರಿಕೊಂಡೋನು, ಅವರಪ್ಪ ಹೆಸರು ಬರೆಸೋಕೂ ನಾಚ್ಕೊಂಡು ನಿಂತಿದ್ದ. ಎಲ್ಲರಿಗೂ ನಾನೇ ಹೇಳ್ದೆ, ಆಗಿದೆ ಹೋಗಿ ಅಂತ.”

“ಸಿಸ್ಟರ್, ನಿಮ್ಮ ತಪ್ಪು ಏನೂ...”

“ಮಾತಾಡ್ಬೇಡ ಅಂದೆ.” ಕಣ್ಣೆತ್ತಿ ನೋಡಿದರು. ಬೈಗುಳ ಬಂದಿದ್ದರೆ ಎಷ್ಟೋ ಮೇಲಾಗಿತ್ತು. “ಅಷ್ಟೊಂದು ಜನ ಬಾಗಿಲಲ್ಲಿ ನಿಂತಿದ್ರು. ನಿಂಗೆ ಗೊತ್ತಾಯ್ತು. ನೀನು ಹೋಗಿ ನಿನ್ನ ಗಂಡನ್ನ ಮಾತ್ರ ಒಳಗೆ ಕಳಿಸಿ ಬಂದೆ.”

ಓರ್ನೆಲ್ಲಾ ಗೋಡೆಯ ಗಡಿಯಾರ ನೋಡಿದಳು. ಮಗಳ ಮಾತ್ರೆಯ ಹೊತ್ತಾಗಿತ್ತು.

“ದುಡ್ಡು ಬೇಡ. ಪುಸ್ತಕನೂ ಇಟ್ಕೊಳ್ಳಿ,” ಎಂದರು ಸಿಸ್ಟರ್. “ಹೆಸರು ಕೊಡಿಸು. ಹೆಸರು ಮಾತ್ರ.”

“ಆಗಲ್ಲ ಸಿಸ್ಟರ್. ಸೀಲಾಗಿದೆ.”

ಸಿಸ್ಟರ್ ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಕೈ ಹಿಡಿಯಲು ಹೋದರೆ ಬೇಡವೆಂದು ತಲೆಯಾಡಿಸಿ, ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಆಮೇಲಿನದೆಲ್ಲ ಎರಡೇ ದಿನದಲ್ಲಿ ಆಗಿಹೋಯಿತು. ಗುರುವಾರ ಬೆಳಿಗ್ಗೆ ಸಿಸ್ಟರ್ ಕಾನ್ವೆಂಟಿನ ಫೋನಿನಿಂದ ಲುಗಾನೋಗೆ ಫೋನು ಮಾಡಿದರು. ಜಗಳ ಆಡಲಿಲ್ಲ, ಪೊಲೀಸ್ ಎನ್ನಲಿಲ್ಲ. ನಿಮ್ಮ ತಮ್ಮನನ್ನು ಎಲ್ಲಿ ಮಣ್ಣು ಮಾಡಿದ್ದಾರೆ ಹೇಳಿ, ಅವರಿಗೂ ಒಂದು ಪೂಜೆ ಇಡಿಸಬೇಕು ಎಂದು ಕೇಳಿದರು, ಅಷ್ಟೇ. ಗ್ವಾಲ್ತಿಯೇರೋ ಆಮೇಲೆ ಮಾತಾಡ್ತೀನಿ ಎಂದು ಇಟ್ಟುಬಿಟ್ಟ. ಅವನ ಖಾತೆಯನ್ನು ತಡೆಹಿಡಿಯುವಂತೆ ಸ್ವಿಸ್ ಅಧಿಕಾರಿಗಳು ಸೋಮವಾರ ಸಹಿ ಹಾಕುವುದಿತ್ತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಹನ್ನೆರಡು ಫ್ರಾಂಕ್ ಉಳಿದಿತ್ತು. ಮನುಷ್ಯನೂ ಅಲ್ಲಿರಲಿಲ್ಲ.

ಸುಳಿವು ಯಾರಿಂದ ಹೊರಬಿತ್ತೆಂದು ನಿರ್ದೇಶಕ ಕೋರ್ಸೆಟ್ಟಿ ಎಲ್ಲರನ್ನೂ ಸಾಲಾಗಿ ಕರೆದು ವಿಚಾರಿಸುವವರಿದ್ದರು. ಓರ್ನೆಲ್ಲಾ ತಾನಾಗಿ ಹೋಗಿ ಮೊದಲು ನಿಂತಳು. ಹೇಳಿ ಮುಗಿಸಲು ಐದು ನಿಮಿಷ ಹಿಡಿಯಿತು. ಅವರು ಕೆಟ್ಟವರಲ್ಲ. ಕೇಳುತ್ತ ಕೇಳುತ್ತ ಪೆನ್ನನ್ನು ಕಾಗದದ ಅಂಚಿಗೆ ಸರಿಯಾಗಿ ಜೋಡಿಸಿದರು, ಮತ್ತೆ ಜೋಡಿಸಿದರು.

“ಒಂದು ಮಾತೂ ಆಡಿಲ್ಲ ಅಂತೀರಿ.”

“ಇಲ್ಲ ಸರ್. ಪೂಜೆ ಇಡಿಸಿದೆ.”

“ಅದು ಮಾತಿಗಿಂತ ಹೆಚ್ಚಾಯ್ತು, ಓರ್ನೆಲ್ಲಾ ಅವರೇ. ಕಡತದಲ್ಲಿ ನಿಮ್ಮ ಗಂಡನ ಹೆಸರಿತ್ತು ಅಂತಲೂ ಹೇಳಲಿಲ್ಲ.” ಕನ್ನಡಕ ತೆಗೆದರು. “ಮನೆ ಖಾಲಿ ಮಾಡೋಕೆ ಮೂರು ತಿಂಗಳು ಕೊಡಿಸ್ತೀನಿ. ಮಗಳ ಚೀಟಿ ವರ್ಷದ ಕೊನೆವರೆಗೆ ನಡೆಯುತ್ತೆ. ಅದಕ್ಕಿಂತ ನನ್ನ ಕೈಲಾಗಲ್ಲ.”

“ಸರ್, ಹೆಸರುಗಳ ಒಂದು ಪ್ರತಿ ಸಿಸ್ಟರಿಗೆ...”

“ಅದು ಸಾಕ್ಷ್ಯ. ಮೊಕದ್ದಮೆ ಮುಗಿದ ಮೇಲೆ.”

“ಎಷ್ಟು ದಿನ ಆಗುತ್ತೆ?”

“ಅವನು ಸಿಕ್ಕಿದರೆ ಐದು ವರ್ಷ. ಸಿಗದಿದ್ದರೆ ಹೇಳೋಕಾಗಲ್ಲ.”

“ಅವರಿಗೆ ಎಂಬತ್ತಾಗ್ತಾ ಬಂತು ಸರ್.”

ಕೋರ್ಸೆಟ್ಟಿ ಅವಳ ಕಚೇರಿಯ ಗುರುತಿನ ಬಿಲ್ಲೆಗಾಗಿ ಕೈ ಚಾಚಿದರು.

ಮೆಟ್ಟಿಲವರೆಗೆ ಅವಳ ಡಬ್ಬವನ್ನು ಹೊತ್ತು ತಂದವನು ಪ್ರಿಮೋ. ಅದರಲ್ಲಿದ್ದದ್ದು ಒಂದು ಕಾಫಿ ಲೋಟ, ಒಂದು ಶಾಲು, ಎಲಿಯೋನ ಫೋಟೋ. “ಲಂಚ ತಗೊಂಡು ಕೆಲಸ ಕಳ್ಕೊಂಡೋರನ್ನ ನೋಡಿದ್ದೀನಿ ಕಣೆ,” ಎಂದ. “ಗಂಡನಿಗೆ ಪೂಜೆ ಇಡಿಸಿ ಕಳ್ಕೊಂಡೋಳು ನೀನೊಬ್ಬಳೇ.” ತಮಾಷೆ ಮಾಡಲು ಹೊರಟವನು ನಡುವೆ ನಿಂತು, ಡಬ್ಬವನ್ನು ಅವಳ ಕೈಗಿಟ್ಟು, ತಿರುಗಿ ನೋಡದೆ ಹತ್ತಿಹೋದ.

ಎರಡು ವಾರ ಅವಳು ಕಾನ್ವೆಂಟಿನ ಬೀದಿಯನ್ನು ತಪ್ಪಿಸಿ ನಡೆದಳು. ಮೂರನೆಯ ವಾರ ಸಿಸ್ಟರ್ ಕ್ಲೆಲಿಯಾ ಹಣ್ಣಿನ ಅಂಗಡಿಯಲ್ಲಿ ಸಿಕ್ಕಿ, “ಎಡ್ವಿಜೆ ಊಟ ಬಿಟ್ಟು ಹೆಸರು ಬರೀತಾ ಕೂತಿದ್ದಾಳೆ, ಬಂದು ನೋಡಬಾರದಾ?” ಎಂದಳು. ಮರುದಿನ ಹೋದಳು.

ಸಿಸ್ಟರ್ ತಲೆ ಎತ್ತಲಿಲ್ಲ. “ಕೂತ್ಕೋ. ನೀನು ಟೈಪ್ ಮಾಡಿದ್ದೀಯಲ್ಲ, ನಿಂಗೆ ನೆನಪಿರಬೇಕು. ನಂಗೆ ನೂರ ಅರವತ್ತು ಬಂತು.”

ಅವಳಿಗಿಂತ ಅವಳ ಬೆರಳುಗಳಿಗೆ ಹೆಚ್ಚು ನೆನಪಿತ್ತು. ಮೇಜಿನ ಮೇಲೆ ಬೆರಳಾಡಿಸುತ್ತ ಹೇಳುತ್ತ ಹೋದಳು: ಇನ್ನೂರ ಏಳು, ನಜ್ಜರೇನಾ, ಮೀನಿನವಳ ಅಕ್ಕ. ಮುನ್ನೂರ ಹನ್ನೆರಡು, ಗಾಸ್ಪರೆ, ಎರಡು ವರ್ಷದ ಕೂಸು. ಕೆಲವು ಬರೀ ಸಂಖ್ಯೆಗಳು, ಕೆಲವು ಬರೀ ಹೆಸರುಗಳು. ದಿನಕ್ಕೆ ಹತ್ತು ಬಂದದ್ದು ಆರಾಯಿತು, ಆಮೇಲೆ ಮೂರು. ಅದೂ ಸರಿಯೋ ತಪ್ಪೋ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಕಾನ್ವೆಂಟಿನ ಖಾತೆ ಇನ್ನೂ ಮುಚ್ಚಿಯೇ ಇತ್ತು. ಹೆಸರು ಸಿಕ್ಕರೂ ಪೂಜೆಗೆ ಕೊಡಲು ಹತ್ತು ಯೂರೋ ಇರಲಿಲ್ಲ. ಕಿಟಕಿಯನ್ನು ಯಾರೂ ತಟ್ಟುತ್ತಿರಲಿಲ್ಲ. ಬೀದಿಗೆ ಸುದ್ದಿ ಮುಟ್ಟಿತ್ತು.

“ಎಲ್ಲರಿಗೂ ಸೇರಿಸಿ ಒಂದೇ ಪೂಜೆ ಇಡಿಸಿಬಿಡೋಣ ಅಂತಾರೆ ನಮ್ಮ ಕಾನ್ವೆಂಟಿನ ಮದರ್,” ಎಂದರು ಸಿಸ್ಟರ್ ಒಂದು ಮಧ್ಯಾಹ್ನ. “ಅವ್ರು ಹಾಗೆ ಕೊಡಲಿಲ್ಲ ಕಣೆ. ಒಬ್ಬೊಬ್ಬರಿಗೆ ಅಂತ ಕೊಟ್ಟಿದ್ದು.”

ಅವತ್ತು ಗಾರ್ಬಾತೆಲ್ಲಾದಲ್ಲಿ ಎಲಿಯೋನ ಮೂವತ್ತನೆಯದು. ಓರ್ನೆಲ್ಲಾ ಹೋಗಿರಲಿಲ್ಲ. ನೂರ ಎರಡರ ಸಾಲಿಗೆ ಬಂದಾಗ ಸಿಸ್ಟರ್ ಅವಳತ್ತ ನೋಡದೆ, “ಇದು ಬಿಡು, ಆಯ್ತು,” ಎಂದು ಹೆಸರಿನ ಮುಂದೆ ಪೂಜೆ ಮುಗಿದ ಗುರುತಿಗೆ ಒಂದು ಸಣ್ಣ ಗೆರೆ ಎಳೆದರು. ಇಡೀ ಪುಸ್ತಕದಲ್ಲಿ ಅದೊಂದೇ ಗುರುತು.

“ಆ ಹಸಿರು ಕೋಟಿನವಳು,” ಎಂದರು ಆಮೇಲೆ. “ಅವಳ ತಮ್ಮ. ಕನಸಲ್ಲಿ ಬರ್ತಾನೆ ಅಂದಿದ್ಲಲ್ಲ. ಏನು ಅವನ ಹೆಸರು?”

ಓರ್ನೆಲ್ಲಾ ಕಣ್ಣು ಮುಚ್ಚಿ ಬೆರಳುಗಳನ್ನು ಮೇಜಿನ ಮೇಲಿಟ್ಟಳು. ಬೆರಳು ಅಲುಗಲಿಲ್ಲ.

“ಬರ್ಲಿಲ್ವಾ? ಹೋಗ್ಲಿ. ಜಾಗ ಬಿಡೋಣ.”

ಸಿಸ್ಟರ್ ಹೊಸ ಹಾಳೆ ತೆರೆದು ಮರದ ಅಡಿಪಟ್ಟಿಯನ್ನು ಇಟ್ಟರು. ಅದು ಜಾರುತ್ತಿತ್ತು. ಓರ್ನೆಲ್ಲಾ ಎರಡೂ ತುದಿಯನ್ನು ಹಿಡಿದುಕೊಂಡಳು. ಸಿಸ್ಟರ್ ಒಂದು ಗೆರೆ ಎಳೆದು, ಅದರ ಎಡಕ್ಕೆ ಸಂಖ್ಯೆ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟು, ಅದರ ಕೆಳಗೆ ಇನ್ನೊಂದು ಗೆರೆ ಎಳೆದರು. ಪೆನ್ನು ಒತ್ತಿ ಎಳೆದ ಗೆರೆಗಳು ಹಾಳೆಯ ಹಿಂಬದಿಯಲ್ಲಿ ಉಬ್ಬುತ್ತಿದ್ದವು. ಆ ಹಾಳೆ ತುಂಬಿದ ಮೇಲೆ ಮಗುಚಿ, ಮುಂದಿನ ಹಾಳೆಗೆ ಅಡಿಪಟ್ಟಿ ಇಟ್ಟರು.